ಎರಡು ತಪ್ಪುಗಳ ಲೆಕ್ಕ

ನಿಧಿಯ ಶಾಲೆಯ ಸ್ಕರ್ಟಿನ ಆರನೆಯ ನೆರಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೆ. ಒಟ್ಟು ಹದಿನಾಲ್ಕು ನೆರಿಗೆ. ನೀರು ಚಿಮುಕಿಸಿ, ಒಂದೊಂದನ್ನೂ ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡಿ, ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಅವಸರ ಮಾಡಿದರೆ ಎರಡು ಗೆರೆ ಬಿದ್ದುಬಿಡುತ್ತದೆ.

"ಬಾಯಮ್ಮಾ, ಅದನ್ನ ನಿನ್ನೆ ತಾನೆ ಇಸ್ತ್ರಿ ಮಾಡಿದ್ರಲ್ಲ?" ಎಂದರು ನಿಧಿಯ ತಾಯಿ ಪಾವನಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಮುದುಡಿತ್ತು."

"ಹ್ಯಾಂಗರಲ್ಲಿ ನೇತು ಹಾಕಿದ್ದು ಹೆಂಗ್ ಮುದುಡತ್ತೆ?"

ನಾನು ಏಳನೆಯ ನೆರಿಗೆ ಹಿಡಿದೆ. ಆ ಸ್ಕರ್ಟನ್ನು ನಿಧಿ ಕೊನೆಯ ಸಲ ತೊಟ್ಟು ಹತ್ತೊಂಬತ್ತು ದಿನವಾಗಿತ್ತು. ದಿನಾ ಮಧ್ಯಾಹ್ನ ನಾನು ಅದನ್ನು ಇಸ್ತ್ರಿ ಮಾಡುತ್ತಿದ್ದೆ, ದಿನಾ ಪಾವನಮ್ಮ ಅದೇ ಮಾತು ಹೇಳುತ್ತಿದ್ದರು. ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ಅವರು ಮನೆಯಲ್ಲೇ ಇದ್ದರು. ಬಾಲ್ಕನಿ ಬಾಗಿಲಿನ ಬೀಗದ ಕೈ ಅವರ ದುಪಟ್ಟಾದ ತುದಿಯಲ್ಲಿ ಗಂಟಾಗಿತ್ತು. ನಮ್ಮದು ಒಂಬತ್ತನೆಯ ಮಹಡಿ. ಕುವೈತಿನ ಸಾಲ್ಮಿಯಾದ ಸಮುದ್ರ ಕಾಣುವ ಬಾಲ್ಕನಿ ಅದು, ನಿಧಿಗೆ ಅಲ್ಲಿ ಕೂತು ಓದುವುದೆಂದರೆ ಪ್ರಾಣ. ಬೀಗ ಯಾಕೆ ಬಿತ್ತೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ನಿಧಿ ಹತ್ತನೆಯ ತರಗತಿ. ಬೋರ್ಡ್ ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ಒಂದು ಪರೀಕ್ಷೆ ಇಡುತ್ತಾರೆ. ಆ ವಾರ ಗಣಿತದ ಪ್ರಶ್ನೆಪತ್ರಿಕೆ ಯಾರಿಂದಲೋ ಹೊರಗೆ ಹೋಗಿತ್ತು. ಉತ್ತರಪತ್ರಿಕೆಗಳನ್ನು ತಿದ್ದುವಾಗ ನಿಧಿಯದು ಟೀಚರ ಕಣ್ಣಿಗೆ ಬಿತ್ತು. ಐದು ದೊಡ್ಡ ಲೆಕ್ಕ, ಐದಕ್ಕೂ ಉತ್ತರ ಸರಿ. ಆದರೆ 'ಎಕ್ಸ್ ಎಂದು ಇರಲಿ' ಎಂದು ಶುರುಮಾಡಿ ಹೆಜ್ಜೆ ಹೆಜ್ಜೆಯಾಗಿ ಇಳಿಯುವ ಸಮೀಕರಣ ಎಲ್ಲೂ ಇಲ್ಲ. ಅದರ ಬದಲು ಎರಡು ತಪ್ಪು ಉತ್ತರ, ಅವುಗಳ ಕೆಳಗೆ ಇನ್ನೆರಡು ಅಂಕಿ, ನಡುವೆ ಗುಣಾಕಾರದ ಹಾಗೆ ಅಡ್ಡಡ್ಡ ಎರಡು ಗೆರೆ, ಕೊನೆಗೆ ಸರಿಯುತ್ತರ. ಉತ್ತರ ಮೊದಲೇ ಗೊತ್ತಿತ್ತು, ಜಾಗ ತುಂಬಿಸಲು ಏನೋ ಗೀಚಿದ್ದಾಳೆ ಎಂದರು.

ಪ್ರಿನ್ಸಿಪಾಲರು ಕರೆಸಿ ಕೇಳಿದರು, ಇದನ್ನು ನಿನಗೆ ಯಾರು ಕಲಿಸಿದ್ದು ಎಂದು.

"ನೋಬಡಿ," ಎಂದಳಂತೆ ಮಗು.

ಮತ್ತೆ ಮತ್ತೆ ಕೇಳಿದರಂತೆ. ಮತ್ತೆ ಮತ್ತೆ "ನೋಬಡಿ."

ಯಾರೂ ಕಲಿಸದೆ, ಪುಸ್ತಕದಲ್ಲಿಲ್ಲದ ದಾರಿಯಲ್ಲಿ ಐದು ಸರಿಯುತ್ತರ! ಅಂದರೆ ಕದ್ದದ್ದೇ. ಬೋರ್ಡ್ ಪರೀಕ್ಷೆಗೆ ಕೂರಿಸಬೇಕೋ ಬೇಡವೋ ಎಂದು ಸಮಿತಿಯೊಂದು ತೀರ್ಮಾನಿಸುವುದು, ಅಲ್ಲಿಯವರೆಗೆ ಶಾಲೆಗೆ ಬರುವುದು ಬೇಡ ಎಂದು ಕಳಿಸಿದರು. ಸಮಿತಿ ಕೂರುವ ಗುರುವಾರಕ್ಕೆ ಇನ್ನು ಎರಡೇ ದಿನ ಉಳಿದಿತ್ತು.

ಆ "ನೋಬಡಿ" ಎಂಬ ಮಾತನ್ನು ಅವಳಿಗೆ ಕಲಿಸಿದವಳು ನಾನು.

ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಈ ಮನೆಯದಲ್ಲ. ನಗರದಾಚೆಯ ಜಹ್ರಾದ ಒಂದು ಮನೆಯ ಅಡುಗೆಯವಳೆಂದು ನನ್ನ ಕಾಗದದಲ್ಲಿ ಇದೆ. ಆ ಮನೆಯ ಯಜಮಾನಿ ತೀರಿಕೊಂಡ ಮೇಲೆ ಅವರ ಮಗ ಕಫೀಲ್, ಅಂದರೆ ನನ್ನ ಹೊಣೆ ಹೊತ್ತ ಯಜಮಾನ, ಆಗಿ ವರ್ಷ ವರ್ಷ ಅದನ್ನು ಮುಂದುವರಿಸಿಕೊಡುತ್ತಿದ್ದಾನೆ. ನಾನಿರುವುದು ಮಾತ್ರ ಇಲ್ಲಿ, ಮಧುಸೂದನ್ ಸಾರ್ ಮತ್ತು ಪಾವನಮ್ಮನ ಫ್ಲ್ಯಾಟಿನಲ್ಲಿ. ನಿಧಿ ಹದಿನಾಲ್ಕು ದಿನದ ಕೂಸಾಗಿದ್ದಾಗ ಬಂದವಳು. ಹಾಗೆ ಇರಕೂಡದು. ಸಿಕ್ಕಿಬಿದ್ದರೆ ನನ್ನನ್ನು ಊರಿಗೆ ಅಟ್ಟುತ್ತಾರೆ, ಇಟ್ಟುಕೊಂಡವರಿಗೂ ಕಷ್ಟ. ಹೋದ ಚಳಿಗಾಲದಲ್ಲಿ ಪಕ್ಕದ ಕಟ್ಟಡದ ಫರ್ಸಾನಾಳನ್ನು ಕಸದ ಚೀಲ ಕೈಯಲ್ಲಿ ಹಿಡಿದುಕೊಂಡಿದ್ದ ಹಾಗೇ ಕರೆದುಕೊಂಡು ಹೋದರು. ಅವಳ ಚಪ್ಪಲಿ ಎರಡು ದಿನ ಲಿಫ್ಟಿನ ಮುಂದೆಯೇ ಬಿದ್ದಿತ್ತು.

ಅದಕ್ಕೇ ನಿಧಿಗೆ ಮೂರು ವರ್ಷವಾದಾಗಿನಿಂದ ಅಭ್ಯಾಸ ಮಾಡಿಸಿದ್ದೆ. ಬಿಸ್ಕತ್ತು ಕೈಯಲ್ಲಿ ಹಿಡಿದು ಕೇಳುತ್ತಿದ್ದೆ: "ಮನೆಯಲ್ಲಿ ಯಾರ್ಯಾರು ಇದ್ದಾರೆ?" "ಅಮ್ಮ, ಅಪ್ಪ." "ಮತ್ತೆ?" "ನೋಬಡಿ!" ಸರಿ ಹೇಳಿದರೆ ಬಿಸ್ಕತ್ತು. ಮಗು ನಗುತ್ತಿತ್ತು, ನಾನೂ ನಗುತ್ತಿದ್ದೆ. ಪಾವನಮ್ಮ ಫೋನಿನಲ್ಲಿ ಅದರ ವಿಡಿಯೋ ತೆಗೆದು, ಆಮೇಲೆ ಹೆದರಿ ಅಳಿಸಿಬಿಟ್ಟಿದ್ದರು.

ಇನ್ನು ಆ ಲೆಕ್ಕ. ಅದೂ ನಾನು ಕಲಿಸಿದ್ದೇ.

ನಾನು ಅಕ್ಷರ ಕಲಿತದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಮಂಗಳೂರಿನ ಕಡೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಜಪಮಾಲೆ ಬಾಯಿಗೆ ಬಂದರೆ ಸಾಕಿತ್ತು. ಕುವೈತಿಗೆ ಬಂದ ಮೇಲೆ ಪಾಯಸ್ ಮಾಸ್ಟ್ರು ಎಂಬವರು ಇಲ್ಲೇ ಸಾಲ್ಮಿಯಾದಲ್ಲಿ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ನಮ್ಮಂಥ ಮನೆಗೆಲಸದವರಿಗೆ ವಾರಕ್ಕೊಂದು ರಾತ್ರಿ ಕ್ಲಾಸು ಮಾಡುತ್ತಿದ್ದರು. ಹಗಲು ಅವರು ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಎಣ್ಣೆಯ ವಾಸನೆ ಬರುವ ಅಂಗಿಯಲ್ಲೇ ಬಂದು ಬೋರ್ಡಿನ ಮೇಲೆ ಅ ಆ ಬರೆಯುತ್ತಿದ್ದರು. ಓದಲು ಬಂತು, ಬರೆಯಲು ಬಂತು. ಭಿನ್ನರಾಶಿಗೆ ಬಂದಾಗ ನಾನು ನಿಂತುಬಿಟ್ಟೆ.

ಆಗಷ್ಟೇ ನಾನು ಜಹ್ರಾದ ಆ ಯಜಮಾನಿ, ಅಬ್ಲಾ ಹಿಸ್ಸಾರ ಮನೆಗೆ ಸೇರಿದ್ದೆ. ಟೀಚರಮ್ಮನನ್ನು ಇಲ್ಲಿ ಅಬ್ಲಾ ಎನ್ನುತ್ತಾರೆ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ಓದುವ ಕೋಣೆಯಲ್ಲಿ ಅಂಚು ಕಟ್ಟಿದ ಒಂದು ಹಲಗೆ, ಅದರ ಮೇಲೆ ನುಣ್ಣನೆಯ ಮರಳು. ಜಹ್ರಾದಲ್ಲಿ ಧೂಳುಗಾಳಿ ಎದ್ದರೆ ಮನೆಯೆಲ್ಲ ಮರಳು, ಅದನ್ನು ಗುಡಿಸುವುದೇ ನನ್ನ ಅರ್ಧ ಕೆಲಸ. ಮೊದಲ ವಾರವೇ ಆ ಹಲಗೆಯ ಮರಳನ್ನೂ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಿಂಚುವ ಹಾಗೆ ಮಾಡಿ ಇಟ್ಟೆ.

ಅಬ್ಲಾ ಬಂದು ನೋಡಿದರು. "ಯಾ ಕಾರ್ಮೆಲ್! ಮೂರು ದಿನದ ಲೆಕ್ಕ ಎಲ್ಲಿ?"

"ಬಕೆಟಿನಲ್ಲಿದೆ, ಅಬ್ಲಾ," ಎಂದೆ, ಗೊತ್ತಿಲ್ಲದೆ.

ಅವರು ಕುರ್ಚಿಯ ಮೇಲೆ ಕುಸಿದು ಕೂತು ನಕ್ಕರು. ಅರಬಿ, ಹಿಂದಿ ಬೆರೆಸಿ ನನಗೆ ತಿಳಿಯುವ ಹಾಗೆ ಹೇಳಿದರು. ಹಿಂದಿನ ಕಾಲದಲ್ಲಿ ಲೆಕ್ಕದವರು ಇಂಥದೇ ಹಲಗೆಯ ಮೇಲೆ ಬೆರಳಿನಿಂದ ಬರೆದು, ಅಳಿಸಿ, ಅದರ ಮೇಲೇ ಮತ್ತೆ ಬರೆಯುತ್ತಿದ್ದರಂತೆ. ಕೊನೆಗೆ ಉಳಿಯುವುದು ಉತ್ತರ ಒಂದೇ. ತಪ್ಪಾಗಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕಲು ಏನೂ ಇರುತ್ತಿರಲಿಲ್ಲ. ಸಾವಿರ ವರ್ಷಕ್ಕೂ ಹಿಂದೆ ದಮಾಸ್ಕಸ್ಸಿನಲ್ಲಿ ಉಕ್ಲೀದಿಸಿ ಎಂಬವನು, ಈ ಮರಳು ಬೇಡ, ಕಾಗದ ಮಸಿ ಹಿಡಿಯಿರಿ, ಹೆಜ್ಜೆಗಳು ಉಳಿಯಲಿ ಎಂದು ಬರೆದನಂತೆ. ನನಗಂತೂ ಕಾಗದದ ಮೇಲೂ ಭಿನ್ನರಾಶಿ ಬರುವುದಿಲ್ಲ ಎಂದೆ.

"ಅಂಕಿ ನಿಮ್ಮ ದೇಶದಿಂದ ಬಂದದ್ದು, ಗೊತ್ತಾ?" ಎಂದರು ಅಬ್ಲಾ. "ಇವತ್ತಿಗೂ ನಾವು ಹಿಂದೀ ಅಂಕಿ ಅಂತೀವಿ. ನೀನು ನೋಡಿದರೆ ಭಿನ್ನರಾಶಿಗೆ ಹೆದರುತ್ತೀ! ನಿನ್ನ ಪುಸ್ತಕ ತಾ."

ಅಂದಿನಿಂದ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ನನಗೊಂದು ಪಾಠ. ಅವರು ಮೊದಲು ಹಾಕಿದ ಲೆಕ್ಕ ನೆನಪಿದೆ. ಒಂದು ತಟ್ಟೆ ಖರ್ಜೂರ. ಅದರಲ್ಲಿ ಮೂರನೆಯ ಒಂದು ಭಾಗ ಮಗನಿಗೆ, ನಾಲ್ಕನೆಯ ಒಂದು ಭಾಗ ಮಗಳಿಗೆ. ಇಬ್ಬರದೂ ಸೇರಿ ಇಪ್ಪತ್ತೊಂದು. ತಟ್ಟೆಯಲ್ಲಿ ಎಷ್ಟಿತ್ತು?

"ನನಗೆ ಬರುವುದಿಲ್ಲ."

"ಬರುವುದು ಬೇಡ. ಬಾಯಿಗೆ ಬಂದದ್ದು ಹೇಳು."

"ಹನ್ನೆರಡು."

ಹನ್ನೆರಡರಲ್ಲಿ ನಾಲ್ಕು ಮತ್ತು ಮೂರು, ಏಳಾಯಿತು. ಇಪ್ಪತ್ತೊಂದಕ್ಕೆ ಹದಿನಾಲ್ಕು ಕಡಿಮೆ. ಅಬ್ಲಾ ಹನ್ನೆರಡರ ಕೆಳಗೆ ಹದಿನಾಲ್ಕು ಬರೆದರು. "ಇನ್ನೊಂದು ತಪ್ಪು ಹೇಳು." ಇಪ್ಪತ್ತನಾಲ್ಕು ಎಂದೆ. ಎಂಟು ಮತ್ತು ಆರು, ಹದಿನಾಲ್ಕು. ಏಳು ಕಡಿಮೆ. ಪಕ್ಕದಲ್ಲಿ ಅದನ್ನೂ ಬರೆದರು. ಆಮೇಲೆ ಅಡ್ಡಡ್ಡ ಗೆರೆ ಎಳೆದು ಗುಣಿಸಿದರು. ಹನ್ನೆರಡೇಳಲಿ ಎಂಬತ್ತನಾಲ್ಕು, ಇಪ್ಪತ್ತನಾಲ್ಕನ್ನು ಹದಿನಾಲ್ಕರಿಂದ ಗುಣಿಸಿದರೆ ಮುನ್ನೂರ ಮೂವತ್ತಾರು. ದೊಡ್ಡದರಲ್ಲಿ ಸಣ್ಣದು ಕಳೆದರೆ ಇನ್ನೂರ ಐವತ್ತೆರಡು. ಹದಿನಾಲ್ಕರಲ್ಲಿ ಏಳು ಕಳೆದರೆ ಏಳು. ಇನ್ನೂರ ಐವತ್ತೆರಡನ್ನು ಏಳರಿಂದ ಭಾಗಿಸು.

ಮೂವತ್ತಾರು ಬಂತು. ಮೂವತ್ತಾರರಲ್ಲಿ ಹನ್ನೆರಡು, ಒಂಬತ್ತು, ಇಪ್ಪತ್ತೊಂದು. ನಾನು ಶಿಲುಬೆಯ ಗುರುತು ಹಾಕಿಕೊಂಡೆ.

ಇದಕ್ಕೆ ಎರಡು ತಪ್ಪುಗಳ ಲೆಕ್ಕ ಎಂದೇ ಹೆಸರು ಎಂದರು. ತಕ್ಕಡಿಯ ಎರಡು ತಟ್ಟೆಯಲ್ಲಿ ಎರಡು ತಪ್ಪು ಇಟ್ಟರೆ ನಡುವಿನ ಮುಳ್ಳು ಸರಿಯನ್ನು ತೋರಿಸುತ್ತದೆ ಎಂದು ಕೆಲವರು ಅದನ್ನು ತಕ್ಕಡಿಯ ಹಾಗೆ ಬರೆಯುತ್ತಿದ್ದರಂತೆ. ಅದು ಯಾಕೆ ಸರಿ ಬರುತ್ತದೆ ಎಂದು ಗೆರೆ ಎಳೆದು ಸಾಧಿಸಿದವನು ಬಾಲ್‌ಬೆಕ್ಕಿನ ಕುಸ್ತಾ ಇಬ್ನ್ ಲೂಕಾ.

"ಅವನು ಕ್ರಿಸ್ತನವನು," ಎಂದು ಸೇರಿಸಿದರು ಅಬ್ಲಾ.

"ಹಾಗಾದರೆ ನಮ್ಮವನೇ!"

"ನಿಮ್ಮವನಾದರೆ ಮಂಗಳೂರಿನಲ್ಲಿ ಹುಟ್ಟುತ್ತಿದ್ದ. ಬರಿ, ಬರಿ. ಏನೇ ಆಗಲಿ ಅಳಿಸಬೇಡ. ತಪ್ಪು ಎರಡೂ ಕಾಣುವ ಹಾಗೆ ಇರಬೇಕು, ಅವೇ ನಿನ್ನ ಬಂಡವಾಳ."

ನನ್ನ ನೋಟ್‌ಬುಕ್ಕಿನ ತುಂಬ ಹೀಗೆ ನನ್ನ ಕನ್ನಡ, ಪಕ್ಕದಲ್ಲಿ ಅಬ್ಲಾರ ಹಸಿರು ಮಸಿಯ ಅರಬಿ, ಪ್ರತಿ ಪುಟಕ್ಕೂ ತಾರೀಖು, ರುಜು. ಅವರು ತೀರಿಕೊಂಡ ವರ್ಷವೇ ನಿಧಿ ಹುಟ್ಟಿದ್ದು. ಎಂಟು ವರ್ಷದವಳು ಭಿನ್ನರಾಶಿಗೆ ಅತ್ತಾಗ ಇದೇ ಅಡುಗೆಮನೆಯಲ್ಲಿ, ಇದೇ ಖರ್ಜೂರದ ಲೆಕ್ಕ ಹಾಕಿಕೊಟ್ಟೆ. ಆಮೇಲೆ ಅವಳಿಗೆ ಅದು ಕೈಯ ಅಭ್ಯಾಸವಾಯಿತು. ಶಾಲೆಯಲ್ಲಿ ಎಕ್ಸ್ ಬಂದರೂ ಗಾಬರಿಯಾದಾಗ ಕೈ ಈ ಕಡೆಗೇ ತಿರುಗುತ್ತದೆ. ಆ ಪರೀಕ್ಷೆಯ ದಿನ ಗಾಬರಿಯಾಗಿತ್ತು, ತಿರುಗಿತು.

ಪ್ರಿನ್ಸಿಪಾಲರು ಕಳಿಸಿದ ದಿನವೇ ನಾನು ಕಾಗದ ಬರೆದಿದ್ದೆ. ಬರೆದು ಮಡಚಿ ಅಕ್ಕಿಡಬ್ಬಿಯಲ್ಲಿ ಇಟ್ಟೆ. ಕೊಡಲಿಲ್ಲ. ಸಮಿತಿಯಲ್ಲಿ ಸಾರ್ ಅವರ ಕಂಪನಿಯವರೇ ಒಬ್ಬರಿದ್ದಾರೆ, ಈ ಮನೆಯಲ್ಲಿ ಯಾರದೋ ಇಕಾಮಾದ ಹೆಂಗಸು ಇದ್ದಾಳೆಂದು ಗೊತ್ತಾದರೆ ಸುಮ್ಮನೆ ಕೂರುವವರಲ್ಲ ಎಂದರು ಸಾರ್. ಅವರ ಕೆಲಸ, ಪಾವನಮ್ಮನ ಕೆಲಸ, ಎಲ್ಲ ಹೋದೀತು. ಬದಲಿಗೆ ಸಾರ್ ತಾವೇ ಹೋಗಿ ಟ್ಯೂಷನ್ ಮಾಸ್ಟರ್ ಕಲಿಸಿದ್ದು ಎಂದು ಸುಳ್ಳು ಹೇಳಿದರು. ಮಾಸ್ಟರ ಹೆಸರು, ನಂಬರ್ ಕೊಡಿ ಎಂದರು ಅಲ್ಲಿ. ಕೊಡಲು ಇರಲಿಲ್ಲ. ಕದ್ದವಳು ಎಂಬುದರ ಜೊತೆಗೆ ಸುಳ್ಳು ಹೇಳುವ ಮನೆ ಎಂಬುದೂ ಸೇರಿತು.

ನಾನು ಪ್ರತಿದಿನ ಅಕ್ಕಿ ಅಳೆಯಲು ಡಬ್ಬಿ ತೆರೆಯುತ್ತಿದ್ದೆ, ಕಾಗದವನ್ನು ಪಕ್ಕಕ್ಕೆ ಸರಿಸಿ ಅಕ್ಕಿ ತೆಗೆದು ಮುಚ್ಚುತ್ತಿದ್ದೆ. ಸಾರ್ ಹೇಳಿದ್ದಕ್ಕೆ ಮಾತ್ರವೇ? ಅಲ್ಲ. ನಾನೂ ಹೆದರಿದ್ದೆ. ಊರಿಗೆ ಅಟ್ಟಿದರೆ ಈ ಮಗುವಿನ ಮುಖ ಮತ್ತೆ ನೋಡುತ್ತೇನೆಯೇ? ಅವಳನ್ನು ಬಿಟ್ಟುಹೋಗಲಾರದೆ ಅವಳನ್ನೇ ಮುಳುಗಿಸುತ್ತಿದ್ದೆ. ದಿನ ಒಂಬತ್ತಾಯಿತು, ಹದಿನೈದಾಯಿತು. ಹುಡುಗಿ ಊಟ ಬಿಟ್ಟಳು, ಮಾತು ಬಿಟ್ಟಳು.

ಸ್ಕರ್ಟಿನ ಹದಿನಾಲ್ಕನೆಯ ನೆರಿಗೆ ಮುಗಿಸಿ ಅದನ್ನು ನೇತು ಹಾಕಲು ನಿಧಿಯ ಕೋಣೆಗೆ ಹೋದೆ. ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಸುತ್ತ ನೋಟ್‌ಬುಕ್ಕುಗಳು, ಮೂರನೆಯ ಕ್ಲಾಸಿನಿಂದ ಪಾವನಮ್ಮ ಎತ್ತಿಟ್ಟಿದ್ದ ಗಣಿತದ ಪುಸ್ತಕಗಳೆಲ್ಲ. ಕೈಯಲ್ಲಿ ರಬ್ಬರು. ಪುಟ ತಿರುಗಿಸುತ್ತಾಳೆ, ಅಳಿಸುತ್ತಾಳೆ, ತಿರುಗಿಸುತ್ತಾಳೆ, ಅಳಿಸುತ್ತಾಳೆ. ಅವಳ ಮಡಿಲಲ್ಲಿ, ಹೊದಿಕೆಯ ಮೇಲೆ, ನೆಲದ ಮೇಲೆ ರಬ್ಬರಿನ ಬೂದುಬಣ್ಣದ ಪುಡಿ ಗುಡ್ಡೆ ಬಿದ್ದಿತ್ತು. ಕಾಗದ ಕೆಲವು ಕಡೆ ಹರಿದೇ ಹೋಗಿತ್ತು. ಹೆಬ್ಬೆರಳಿನ ಪಕ್ಕ ಚರ್ಮ ಸುಲಿದು ಕೆಂಪಾಗಿತ್ತು.

"ಎಂತ ಮಾಡ್ತಾ ಇದ್ದೀ, ಮಗಾ?"

ತಲೆ ಎತ್ತಲಿಲ್ಲ. "ನೋಬಡಿ ಟಾಟ್ ಮಿ, ರೈಟ್? ಐ ಯಾಮ್ ಮೇಕಿಂಗ್ ಇಟ್ ಟ್ರೂ."

"ಬೇಡ. ಕೊಡು ಇಲ್ಲಿ."

"ಇದ್ರಲ್ಲೆಲ್ಲ ನಿಮ್ ಎಕ್ಸ್ ಮಾರ್ಕ್ ಇದೆ, ಬಾಯಮ್ಮ. ಎವ್ರಿ ಪೇಜ್. ಯಾರಾದ್ರೂ ನೋಡಿದ್ರೆ? ದೇ ವಿಲ್ ಟೇಕ್ ಯು. ಫರ್ಸಾನಾ ಆಂಟಿ ತರ." ದನಿಯಲ್ಲಿ ಅಳು ಇರಲಿಲ್ಲ. ಸತ್ತವರ ಬಟ್ಟೆ ಮಡಚುವವರ ಹಾಗೆ ನಿಧಾನವಾಗಿ ಮುಂದಿನ ಪುಟ ತಿರುಗಿಸಿದಳು. "ಇದು ಖಾಲಿ ಆದ್ರೆ ಖಲಾಸ್. ಆಮೇಲೆ ಐ ಕ್ಯಾನ್ ಆಲ್ಸೋ ಬಿ ನೋಬಡಿ."

ನಾನು ಅವಳ ಕೈ ಹಿಡಿದುಕೊಂಡೆ. ಹಿಡಿದರೂ ಬೆರಳು ಅಳಿಸುತ್ತಲೇ ಇತ್ತು, ಗಾಳಿಯಲ್ಲಿ.

ಅಡುಗೆಮನೆಗೆ ಬಂದು ಜಹ್ರಾಕ್ಕೆ ಫೋನು ಮಾಡಿದೆ. ಅಬ್ಲಾರ ಮಗನಿಗೆ ಹೇಳಿದೆ, ನಾನು ವಾಪಸು ಬರುತ್ತೇನೆ, ಇಕಾಮಾ ರದ್ದು ಮಾಡಿಸಿ ಊರಿಗೆ ಕಳಿಸಿಬಿಡು ಎಂದು. "ಯಾರಾದರೂ ಹೊಡೆದರಾ?" ಎಂದು ಕೇಳಿದ. ಇಲ್ಲ ಎಂದೆ. "ಬೆಳಿಗ್ಗೆ ಬಾ ಹಾಗಾದರೆ. ನನ್ನ ತಾಯಿಯ ಕೋಣೆ ಖಾಲಿಯೇ ಇದೆ."

ಆಮೇಲೆ ಅಕ್ಕಿಡಬ್ಬಿಯಿಂದ ಕಾಗದ ತೆಗೆದು, ಕೊಡವಿ, ನೋಟ್‌ಬುಕ್ಕಿನ ಜೊತೆ ಪಾವನಮ್ಮನ ಮುಂದೆ ಇಟ್ಟೆ.

"ಇದನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ. ನಾನು ನಾಳೆ ಈ ಮನೆಯಲ್ಲಿ ಇರುವುದಿಲ್ಲ. ಯಾರು ಬಂದು ನೋಡಿದರೂ ಇಲ್ಲಿ ಯಾರೂ ಇಲ್ಲ."

"ಏನ್ ಮಾತಾಡ್ತಿದ್ದೀರ ಬಾಯಮ್ಮ? ನೀವಿಲ್ದೆ ಅವಳು..."

"ನಾನಿದ್ದೂ ಅವಳು ಹೇಗಿದ್ದಾಳೆ, ಹೋಗಿ ನೋಡಿ ಬನ್ನಿ."

ಹೋಗಿ ನೋಡಿ ಬಂದರು. ದುಪಟ್ಟಾದಲ್ಲಿ ಬಾಯಿ ಒತ್ತಿಕೊಂಡೇ ಬಂದು ಪೆನ್ನು ಹಿಡಿದರು. ನನ್ನ ಒಂದೊಂದು ಸಾಲಿನ ಕೆಳಗೂ ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದರು. ನಾನು ಬರೆದದ್ದು ಇಷ್ಟು:

'ಪ್ರಿನ್ಸಿಪಾಲರಿಗೆ ಕಾರ್ಮೆಲ್ ಎಂಬ ಅಡುಗೆಯವಳ ನಮಸ್ಕಾರ. ನಿಧಿ ಸುಳ್ಳು ಹೇಳಿದ್ದಾಳೆ. ಅವಳಿಗೆ ಆ ಲೆಕ್ಕ ಕಲಿಸಿದವರು ಇದ್ದಾರೆ, ಅದು ನಾನು. ಯಾರೂ ಇಲ್ಲ ಎಂದು ಹೇಳಲು ಕಲಿಸಿದವಳೂ ನಾನೇ. ಅವಳ ಮನೆಯಲ್ಲಿ ಹದಿನೈದು ವರ್ಷ ಅಡುಗೆ ಮಾಡಿದ್ದೇನೆ. ಉತ್ತರ ಕದಿಯುವವರು ಸರಿಯುತ್ತರ ಕದಿಯುತ್ತಾರೆ. ಅವಳ ತಪ್ಪುಗಳನ್ನು ಒಂದು ಸಲ ಅಡ್ಡಡ್ಡ ಗುಣಿಸಿ ನೋಡಿ. ಐದು ಲೆಕ್ಕದಲ್ಲೂ ಸರಿಯುತ್ತರ ಅವುಗಳಿಂದಲೇ ಹುಟ್ಟುತ್ತದೆ. ನನಗೆ ಇದನ್ನು ಕಲಿಸಿದವರ ಕೈಬರಹ ಈ ನೋಟ್‌ಬುಕ್ಕಿನಲ್ಲಿದೆ. ಅವಳು ಹುಟ್ಟುವ ಮೊದಲಿನ ತಾರೀಖುಗಳಿವೆ.'

'ಅವಳ ಮನೆಯಲ್ಲಿ' ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಪಾವನಮ್ಮ ಆ ಎರಡು ಪದವನ್ನೇ ನೋಡುತ್ತಾ ಕೂತರು. ಬಿಟ್ಟುಬಿಡಿ ಎಂದು ಹೇಳಬೇಕೆಂದು ನನ್ನ ಬಾಯಿಗೆ ಬಂತು. ಅಷ್ಟರಲ್ಲಿ ಅವರು ಬರೆದರು, ಗಟ್ಟಿಯಾಗಿ ಒತ್ತಿ, ಕಾಗದದ ಹಿಂಬದಿಗೂ ಮೂಡುವ ಹಾಗೆ.

ಸಾರ್ ಆಫೀಸಿನಿಂದ ಬಂದು ನಿಂತುಕೊಂಡೇ ಓದಿದರು. ಓದಿ ಮಡಚಿ ಮೇಜಿನ ಮೇಲೆ ಇಟ್ಟರು. ಟೈ ಸಡಿಲಿಸಲು ಹೋಗಿ ಕೈ ಅಲ್ಲೇ ಉಳಿಯಿತು.

"ನಾಳೆ ಎಷ್ಟೊತ್ತಿಗೆ ಹೊರಡ್ತೀರ?" ಎಂದರು, ನನ್ನ ಮುಖ ನೋಡದೆ.

"ಸ್ಕೂಲ್ ಬಸ್ಸು ಬಂದ ಮೇಲೆ, ಸಾರ್."

ತಲೆಯಾಡಿಸಿ ಒಳಗೆ ಹೋದರು. ನಾನು ಅವರನ್ನು ದೂರುವುದಿಲ್ಲ. ಆದರೂ ಹದಿನೈದು ವರ್ಷಕ್ಕೆ ಅದು ತುಂಬ ಸಣ್ಣ ಪ್ರಶ್ನೆ.

ನಿಧಿಗೆ ನಾನೇ ಹೇಳಿದೆ. ಕಿರುಚಲಿಲ್ಲ, ತಡೆಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, "ಸೋ ಇಟ್ಸ್ ಮೈ ಫಾಲ್ಟ್" ಎಂದಳು. ಅಲ್ಲ ಮಗಾ, ಅಲ್ಲ ಎಂದು ಅವಳ ಬೆನ್ನು ಸವರುತ್ತಾ ಕೂತೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಬೆಳಿಗ್ಗೆ ನಾನು ಏಳುವಾಗಲೂ ಅದೇ ಗೋಡೆಯ ಕಡೆಗೇ ಇದ್ದಳು. ನಿದ್ರೆಯಲ್ಲಿದ್ದಳೋ, ನಿದ್ರೆಯ ನಟನೆಯೋ. ಸ್ಕರ್ಟನ್ನು ಕುರ್ಚಿಯ ಬೆನ್ನಿಗೆ ಹಾಕಿದೆ. ರಬ್ಬರನ್ನು ನನ್ನ ಚೀಲಕ್ಕೆ ಹಾಕಿಕೊಂಡು, ಅದರ ಜಾಗದಲ್ಲಿ ಒಂದು ಪೆನ್ನು ಇಟ್ಟೆ.

ಆರು ಗಂಟೆಗೆ ಕೆಳಗೆ, ಕಟ್ಟಡದ ಉಳಿದ ಮಕ್ಕಳನ್ನು ಹತ್ತಿಸಿಕೊಳ್ಳಲು, ಅಲಿಕುಂಞಿಯ ಸ್ಕೂಲ್ ಬಸ್ಸು ಬಂತು. ಉಳ್ಳಾಲದ ಕಡೆಯವನು, ನಿಧಿಯನ್ನು ಒಂದನೆಯ ಕ್ಲಾಸಿನಿಂದ ಕರೆದುಕೊಂಡು ಹೋದವನು. ನಾನು ಇಲ್ಲಿ ಇರುವುದು ಗೊತ್ತಿದ್ದೂ ಒಂದು ದಿನ ಬಾಯಿ ಬಿಡದವನು.

"ಎಂತ ಬಾಯಮ್ಮ, ಚೀಲ ಎಲ್ಲ ಹಿಡ್ಕೊಂಡು? ನಿಮ್ಮನ್ನು ಸ್ಕೂಲಿಗೆ ಸೇರಿಸಿದ್ರಾ?"

"ನನ್ನದು ರಾತ್ರಿ ಕ್ಲಾಸು ಮಾರಾಯಾ, ಯಾವಾಗಲೋ ಮುಗಿದಿದೆ. ಇದನ್ನು ತಗೋ. ಪ್ರಿನ್ಸಿಪಾಲರ ಕೈಗೇ ಕೊಡ್ಬೇಕು. ಆಫೀಸಿನಲ್ಲಿ ಇಟ್ಟು ಬರಬೇಡ."

ಅವನು ಕಾಗದ, ನೋಟ್‌ಬುಕ್ಕು ತುಂಬಿದ ಲಕೋಟೆಯ ಭಾರ ನೋಡಿದ, ನನ್ನ ಮುಖ ನೋಡಿದ. ನಗು ನಿಂತಿತು.

"ಆ ಮಗುವಿನದಾ?"

"ಹೌದು."

"ನಿಮ್ಮ ಹೆಸರು ಉಂಟಾ ಇದ್ರಲ್ಲಿ?"

"ಉಂಟು."

"ಒಮ್ಮೆ ಕೊಟ್ರೆ ವಾಪಸ್ ಕೇಳ್ಲಿಕ್ಕಾಗುದಿಲ್ಲ ಬಾಯಮ್ಮ. ನೋಡಿ."

"ಹತ್ತೊಂಬತ್ತು ದಿನ ನೋಡಿದ್ದೇನೆ. ಇನ್ನು ನೀನು ಹೊರಡು, ಮಕ್ಕಳಿಗೆ ಹೊತ್ತಾಗ್ತದೆ."

ಲಕೋಟೆಯನ್ನು ಅವನು ಮುಂದಿನ ಗಾಜಿನ ಕೆಳಗೆ ಇಡಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆಗೆ ಒತ್ತಿ ಒಳಗಿಟ್ಟು ಮತ್ತೆ ಗುಂಡಿ ಹಾಕಿಕೊಂಡ. ಬಾಗಿಲು ಮುಚ್ಚಿತು. ಬಸ್ಸು ಸಿಗ್ನಲ್ಲಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಹಸಿರು ಬಿದ್ದ ಮೇಲೆ ಎಡಕ್ಕೆ ತಿರುಗಿತು.